ಸುಜಾತಾ ಕೇಳಿದ್ದಕ್ಕೆ: ಪುಟ್ಟನ ಸೇಲ್ಸ್ ಕೆಲಸ

ಸುಜಾತಾ, ನಿನ್ನ ಮೆಸೇಜು ಬೆಳಿಗ್ಗೇನೇ ನೋಡಿದೆ. ಪುಟ್ಟಂದು ಬಿಕಾಂ ಮುಗೀತು, ದಾವಣಗೆರೇಲಿ ಬಿಸ್ಕೆಟ್ ಕಂಪನಿ ಸೇಲ್ಸ್ ಕೆಲಸ, 18 ಸಾವಿರ, "ಟಾರ್ಗೆಟ್ ಅಂತಾರೆ, ಭಯ ಆಗುತ್ತೆ ಚಿಕ್ಕಪ್ಪ, ಕಳಿಸ್ಲಾ ಬೇಡ್ವಾ" ಅಂತ ಕೇಳಿದ್ದೀಯ. ಕಳ್ಸಮ್ಮ. ಮಾರ್ಕೆಟಿಂಗ್ ಅಂದ್ರೆ ಮೊದಲೆರಡು ವರ್ಷ ಬೀಟ್ ತಿರುಗೋದೇ, ಅಂದ್ರೆ ದಿನಾ ಅಂಗಡಿ ಅಂಗಡಿ ಸುತ್ತೋದು. ಆದ್ರೆ ಒಂದು ಮಾತು ಅವನ ಕಿವಿಗೆ ಹಾಕು, ಬಾಯಿಮಾತಿನ ಮೇಲೆ ಮಾಲು ಇಳಿಸ್ಬಾರ್ದು.

ನನ್ನ ಕೈಕೆಳಗೆ ಒಬ್ಬ ಹುಡುಗ ಇದ್ದ, ರಾಣೆಬೆನ್ನೂರು ಕಡೆಯವನು. ಅವನ ಡಿಸ್ಟ್ರಿಬ್ಯೂಟರ್, ಅಂದ್ರೆ ಕಂಪನಿ ಮಾಲು ಕೊಂಡು ಅಂಗಡಿಗಳಿಗೆ ಹಾಕೋ ಸಾಹುಕಾರರು, ಅವರ ಗೋಡೌನಿಂದ ಅಂಗಡಿಗಳಿಗೆ ಹೋಗ್ತಿದ್ದದ್ದು ತಿಂಗಳಿಗೆ 4 ಲಕ್ಷದ ಮಾಲು. ಅವರಿಗೆ ಕಂಪನಿ ಮಾಲು ಬಿಲ್ ಮಾಡಿಸ್ಬೇಕು ಅಂತ ಇವನಿಗಿದ್ದ ಟಾರ್ಗೆಟ್ 6 ಲಕ್ಷ. 28ನೇ ತಾರೀಖು, ಇನ್ನೂ 2 ಲಕ್ಷ ಬಾಕಿ. ಮೇಲಿನವನು ಫೋನ್ ಮಾಡಿ "ಬಿಲ್ ಹಾಕ್ಸು, ಸ್ಕೀಮಲ್ಲಿ ರಿಯಾಯಿತಿ ಕೊಡಿಸ್ತೀನಿ, ಉಳಿದ್ರೆ ವಾಪಸ್ ತಗೋತೀವಿ" ಅಂದ. ಇವನು ಸಾಹುಕಾರರ ಕೈಕಾಲು ಹಿಡಿದು ಇಳಿಸಿದ. ಆ ತಿಂಗಳ ಇನ್ಸೆಂಟಿವ್ ಬಂತು ಅನ್ನು. ಮುಂದಿನ ತಿಂಗಳೂ ಅಂಗಡಿಯವರು ತಗೊಂಡಿದ್ದು ಅದೇ 4 ಲಕ್ಷ, ಅದ್ರಲ್ಲಿ 2 ಲಕ್ಷ ಹಳೇ ಮಾಲೇ ಇದೆಯಲ್ಲ, ಸಾಹುಕಾರರು ಹೊಸ ಆರ್ಡರ್ ಕೊಟ್ಟಿದ್ದು 2 ಲಕ್ಷಕ್ಕೆ. ಟಾರ್ಗೆಟ್ ಮಾತ್ರ ಆರಕ್ಕೇ ನಿಂತಿತ್ತು, ಮತ್ತೆ ತುಂಬಿಸಿದ. ಬಿಸ್ಕೆಟ್ ಆಯಸ್ಸೇ ಆರು ತಿಂಗಳು. ಅಂಗಡಿಯವನು ಪ್ಯಾಕ್ ತಿರುಗಿಸಿ ತಾರೀಖು ನೋಡ್ತಾನೆ, ಮೂರು ತಿಂಗಳು ಹಳೇದಾದ್ರೆ ಮಾತಾಡದೆ ವಾಪಸ್ ಇಡ್ತಾನೆ. ಗೋಡೆ ಕಡೆ ಸಾಲಿನ ಬಾಕ್ಸೆಲ್ಲ ಡೆಡ್ ಸ್ಟಾಕ್ ಆಯ್ತು. ಆ ದುಡ್ಡು ಕೊಡಿ ಅಂತ ಕಂಪನಿಗೆ ಕ್ಲೇಮ್ ಹಾಕಿದ್ರೆ "ಸ್ಕೀಮ್ ಮೇಲ್ ಎಲ್ಲಿ" ಅಂದ್ರು. ಮೇಲ್ ಎಲ್ಲಿಂದ ಬರ್ಬೇಕು, ಫೋನಲ್ಲಿ ಹೇಳಿದ್ದು ತಾನೆ. ಹೇಳಿದವನು ಅಷ್ಟರಲ್ಲಿ ಬೇರೆ ಊರಿಗೆ ವರ್ಗ. ಕೊನೆಗೆ ಆ ಹುಡುಗ ಸಾಹುಕಾರರಿಗೆ ತನ್ನ ಸ್ವಂತ ಚೆಕ್ ಬರ್ಕೊಟ್ಟ.

ಅದಕ್ಕೇ ಇನ್ನೊಂದ್ ಸಲ ಹೇಳ್ತೀನಿ, ಬಾಯಿಮಾತಿನ ಮೇಲೆ ಮಾಲು ಇಳಿಸ್ಬಾರ್ದು. ಮೇಲ್ ಬರ್ಲಿ, ಆಮೇಲೆ ಬಿಲ್. ತಿಂಗಳ ಶುರುವಿನ ಸ್ಟಾಕಿಗೆ ಕಂಪನಿಯಿಂದ ಬಂದಿದ್ದು ಕೂಡಿಸಿ, ಗೋಡೌನಲ್ಲಿ ಉಳಿದಿದ್ದು ಕಳೀಲಿ, ಅದೇ ಸೆಕೆಂಡರಿ, ಅಂದ್ರೆ ಅಂಗಡಿಗಳಿಗೆ ನಿಜವಾಗಿ ಹೋದ ಮಾಲು. ಅದು ಏರದೆ ಬಿಲ್ ಮಾತ್ರ ಏರಿದ್ರೆ ಮಾಲು ತುಂಬ್ತಿದ್ದಾರೆ ಅಂತ್ಲೇ. ಕಂಪ್ಯೂಟರ್ ಲೆಕ್ಕ ನಂಬಬಾರ್ದು, ಬಾಕ್ಸ್ ಎಣಿಸ್ಬೇಕು.

ಇಷ್ಟೆಲ್ಲ ಗೊತ್ತಿದ್ರೂ ನಮ್ಮ ಮನೇಲಿ ನಾನು ಬಿಸ್ಕೆಟ್ ಮಾರೋನೇ. ಬ್ಯಾಂಕಿನವರಿಗೆ ಮದುವೇಲಿ ಮುಂದಿನ ಕುರ್ಚಿ, ನನಗೆ ಸಾರಿನ ಬಕೆಟ್ಟು. ಹೆಸರು ಹೇಳಲ್ಲ, ಈ ಫ್ಯಾಮಿಲಿ ಗ್ರೂಪಲ್ಲೇ ಇದ್ದಾರೆ, ಕೇಳಿಸ್ಕೊಳ್ಳಲಿ.

ಅಯ್ಯೋ, ಮುಖ್ಯದ್ದೇ ಮರೆತೆ ನೋಡು. ಸೇರೋಕ್ ಮುಂಚೆ ಕೇಳ್ಬೇಕಾದ್ದು: ಕಂಪನಿ ರೋಲಾ, ಥರ್ಡ್ ಪಾರ್ಟಿ ರೋಲಾ, ಅಂದ್ರೆ ಕೆಲಸಕ್ಕೆ ತಗೊಳ್ಳೋದು ಕಂಪನಿನಾ, ನಡುವಿನ ಏಜೆನ್ಸಿನಾ? ಆ 18ರಲ್ಲಿ ಇನ್ಸೆಂಟಿವ್ ಸೇರಿಸಿದ್ದಾರಾ? ಪಿಎಫ್ ಅಂತ ಮೂಲ ಸಂಬಳ, ಅಂದ್ರೆ ಬೇಸಿಕ್‌ನ 12 ಪರ್ಸೆಂಟ್ ಅವನಿಂದ ಹಿಡೀತಾರೆ. ಕಂಪನಿ ಪಾಲನ್ನೂ ಸಿಟಿಸಿ (ಅವನ ಮೇಲೆ ಕಂಪನಿ ಮಾಡೋ ಒಟ್ಟು ಖರ್ಚು) ಒಳಗೇ ತೋರಿಸಿದ್ರೆ ಕೈಗೆ ಬರೋದು ಇನ್ನೂ ಕಮ್ಮಿ. ಬೈಕಿಗೆ ಕಿಲೋಮೀಟರಿಗೆ ಎಷ್ಟು ಕೊಡ್ತಾರೆ? ಡೆಪಾಸಿಟ್, ಟ್ರೇನಿಂಗ್ ಫೀಸ್ ಅಂದ್ರೆ ಎದ್ದು ಬರ್ಲಿ. ಮಾರ್ಕ್ಸ್ ಕಾರ್ಡ್ ಒರಿಜಿನಲ್ ತೋರಿಸ್ಲಿ, ಬಿಟ್ಟು ಬರೋದು ಬೇಡ, ಜೆರಾಕ್ಸ್ ಸಾಕು. ಸಂಜೆ ಹೊತ್ತು ಗೂಗಲ್‌ದೇ ಕಲಿಕೆ ವೆಬ್‌ಸೈಟ್ ಸ್ಕಿಲ್‌ಶಾಪಲ್ಲಿ ಆಡ್ಸ್ (ಆನ್‌ಲೈನ್ ಜಾಹೀರಾತು) ಪರೀಕ್ಷೆ ಬರ್ಕೊಳ್ಳಲಿ, ಪುಕ್ಕಟೆ, ನೂರಕ್ಕೆ 80 ಬಂದ್ರೆ ಪಾಸು. ಡಿಜಿಟಲ್ ಕಡೆ ಹೋಗ್ಬೇಕಂದ್ರೆ ಮುಂದೆ ಬೇಕಾಗುತ್ತೆ.

ನೀನು ಹಾಕಿರೋ ಆಫರ್ ಲೆಟರಲ್ಲಿ ಎರಡನೇ ಪುಟ ಇಲ್ಲ. ನೋಟಿಸ್ ಪೀರಿಯಡ್ಡು ಅದ್ರಲ್ಲೇ ಇರ್ಬೇಕು. ಅದರ ಫೋಟೋ ತೆಗ್ದು ಹಾಕು, ನೋಡಿ ಹೇಳ್ತೀನಿ.