ಸಹಾಯ ಬೇಕು: ಗಾರ್ಮೆಂಟ್ಸ್ ಕೆಲಸ ಬಿಟ್ಟು ಪಂಚಾಯಿತಿಗೆ ಬರೋದು ಹೇಗೆ?

ಎಲ್ಲರಿಗೂ ನಮಸ್ಕಾರ. ನನಗೆ 33 ವರ್ಷ, ಬಿ.ಕಾಂ. ಆಗಿದೆ. ಒಂಬತ್ತು ವರ್ಷದಿಂದ ಗಾರ್ಮೆಂಟ್ಸ್ ಒಂದರಲ್ಲಿ ಅಕೌಂಟ್ಸ್ ನೋಡಿಕೊಳ್ಳುತ್ತಿದ್ದೇನೆ. ಅಮ್ಮನಿಗೆ ಹುಷಾರಿಲ್ಲ, ಗುಬ್ಬಿ ತಾಲ್ಲೂಕಿನ ನಮ್ಮೂರಿಗೆ ವಾಪಸ್ ಹೋಗಲೇಬೇಕು. ಅದಕ್ಕೇ ಗ್ರಾಮ ಪಂಚಾಯಿತಿ ಕೆಲಸಕ್ಕೆ ಪ್ರಯತ್ನ ಮಾಡುತ್ತಿದ್ದೇನೆ.

2024ರಲ್ಲಿ ಕೆಪಿಎಸ್‌ಸಿ (ಕರ್ನಾಟಕ ಲೋಕಸೇವಾ ಆಯೋಗ) ನಡೆಸಿದ ಪಿಡಿಒ, ಅಂದರೆ ಪಂಚಾಯಿತಿ ಅಭಿವೃದ್ಧಿ ಅಧಿಕಾರಿ, ಹುದ್ದೆಯ ಪರೀಕ್ಷೆ ಬರೆದೆ. ಕಡ್ಡಾಯ ಕನ್ನಡ ಸುಲಭವಾಗಿತ್ತು. ಪಂಚಾಯತ್ ರಾಜ್ ಪತ್ರಿಕೆಯಲ್ಲಿ ಸೋತೆ. 1993ರ ಪಂಚಾಯತ್ ರಾಜ್ ಕಾಯ್ದೆಯನ್ನು ಸುಮ್ನೆ ಮೇಲೆ ಮೇಲೆ ಓದಿದ್ದೆ, ಅದು ಸಾಲದು ಅಂತ ಆಮೇಲೆ ಗೊತ್ತಾಯಿತು. ನೇರ ನೇಮಕಾತಿಯಲ್ಲಿ ನನ್ನ ಖಾಸಗಿ ಅನುಭವಕ್ಕೆ ಅಂಕ ಇಲ್ಲ, ಅದು ಅರ್ಥವಾಗಿದೆ. ಸಾಮಾನ್ಯ ವರ್ಗದ ವಯೋಮಿತಿ ಹತ್ತಿರ ಬರುತ್ತಿರುವುದೇ ಜಾಸ್ತಿ ಚಿಂತೆ.

ಈಗ ನಮ್ಮ ಪಂಚಾಯಿತಿಯಲ್ಲಿ ಡಾಟಾ ಎಂಟ್ರಿ ಆಪರೇಟರ್ ಜಾಗ ಖಾಲಿ ಇದೆ. ಸಂಬಳ ಈಗಿನದಕ್ಕಿಂತ ಕಡಿಮೆ. ಆದರೆ ಇ-ಸ್ವತ್ತು (ಆಸ್ತಿ ದಾಖಲೆಯ ಆನ್‌ಲೈನ್ ವ್ಯವಸ್ಥೆ), ತೆರಿಗೆ, ಗ್ರಾಮೀಣ ಉದ್ಯೋಗ ಖಾತರಿ ಕೆಲಸ ಎಲ್ಲಾ ಕಣ್ಣಾರೆ ಕಲಿಯಬಹುದು ಅಲ್ವಾ? ಬಿಲ್ ಕಲೆಕ್ಟರ್‌ಗಳಿಗೆ ಮುಂದೆ ಕಾರ್ಯದರ್ಶಿ ಹುದ್ದೆಗೆ ಬಡ್ತಿ ಸಿಗುತ್ತದೆ. ಆಪರೇಟರ್‌ಗಳಿಗೂ ಸಿಗುತ್ತದಾ ಎನ್ನುವಲ್ಲೇ ಸಿಕ್ಕಿಕೊಂಡಿದ್ದೇನೆ. ಪಂಚಾಯಿತಿಯಲ್ಲಿ ವಿಚಾರಿಸಿದೆ, ಒಬ್ಬೊಬ್ಬರು ಒಂದೊಂದು ಹೇಳಿದರು.

ಪಂಚಾಯಿತಿಯಲ್ಲಿ ಕೆಲಸ ಮಾಡುತ್ತಿರುವವರು ದಯವಿಟ್ಟು ತಿಳಿಸಿ: ಆಪರೇಟರ್ ಕೆಲಸಕ್ಕೆ ಸೇರಿದರೆ ಬಡ್ತಿಗೆ ದಾರಿ ಇದೆಯಾ? ಇಲ್ಲವಾದರೆ ಈಗಿನ ಕೆಲಸದಲ್ಲೇ ಇದ್ದು ಮುಂದಿನ ಪಿಡಿಒ ಪರೀಕ್ಷೆಗೆ ಓದುವುದು ಒಳ್ಳೆಯದಾ?