ಹಳೇ ಅಡಿಕೆ ಸುಲಿಯುವ ಯಂತ್ರ ಕೊಳ್ಳುವ ಮೊದಲು, ಅದರ ಮೇಲೆ ಸಾಲ ಇದೆಯಾ ಅಂತ ನೋಡುವುದು ಹೇಗೆ?

ತೋಟದಮನೆ_ಹೊಸನಗರ

ಎಲ್ಲರಿಗೂ ನಮಸ್ಕಾರ. ನಮ್ಮದು ಹೊಸನಗರ ತಾಲ್ಲೂಕು, ಎರಡೂವರೆ ಎಕರೆ ತೋಟ. ಕೊಯ್ಲು ಬಂತೆಂದರೆ ಸುಲಿಯುವುದಕ್ಕೆ ಜನ ಸಿಗುವುದಿಲ್ಲ. ರಿಪ್ಪನ್‌ಪೇಟೆ ಕಡೆಯ ಪರಿಚಯದವರೊಬ್ಬರು ಚೇಣಿ ವ್ಯವಹಾರ (ಬೇರೆಯವರ ತೋಟದ ಫಸಲು ಗುತ್ತಿಗೆ ಹಿಡಿಯುವುದು) ನಿಲ್ಲಿಸುತ್ತಿದ್ದಾರೆ. ಅವರ ಸುಲಿಯುವ ಯಂತ್ರ, ಪಿಕಪ್ ಎರಡೂ ಸೇರಿ 4 ಲಕ್ಷಕ್ಕೆ ಮಾತಾಗಿದೆ. 50,000 ಮುಂಗಡ ಕೇಳಿದ್ದಾರೆ. ಸಾಲ ಎಲ್ಲ ತೀರಿದೆ ಅಂತ ಬಾಯಲ್ಲಿ ಹೇಳಿದ್ದಾರೆ.

ಯಂತ್ರ ನೋಡಲು ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಇಡೀ ಯಂತ್ರಕ್ಕೆ ಹಳೇ ಹಸಿರು ಬಣ್ಣ, ಅಡಿಕೆ ಕಲೆ ಹತ್ತಿ ಅಲ್ಲಲ್ಲಿ ಕಪ್ಪಾಗಿದೆ. ಮೋಟಾರಿನ ಪಕ್ಕದಲ್ಲಿ ಎರಡು ಅಂಗೈ ಅಗಲ ಜಾಗ ಮಾತ್ರ ಹೊಸ ಹಸಿರು. ಬೆರಳು ಆಡಿಸಿದರೆ ಬಣ್ಣದ ಅಡಿಯಲ್ಲಿ ಅಕ್ಷರಗಳ ಉಬ್ಬು ಸಿಗುತ್ತದೆ. ಅವತ್ತಿನಿಂದ ನಿದ್ದೆ ಸರಿಯಾಗಿ ಬರುತ್ತಿಲ್ಲ. ಅವರ ಮೇಲೆ ಅನುಮಾನ ಪಡಲು ಮನಸ್ಸಿಲ್ಲ, ಆದರೆ ಇದು ಎರಡು ವರ್ಷ ಕೂಡಿಟ್ಟ ದುಡ್ಡು. ಏನು ಮಾಡಲಿ?

ಬ್ಯಾಂಕಿನ_ಹಳಬ_ಶಿವಮೊಗ್ಗ

ತಂಗಿ, ಸದ್ಯಕ್ಕೆ ಮುಂಗಡ ಕೊಡಬೇಡಿ.

ನಾನು 34 ವರ್ಷ ಬ್ಯಾಂಕಿನಲ್ಲಿದ್ದೆ, ಜಾಸ್ತಿ ಕಾಲ ಈ ಜಿಲ್ಲೆಯ ಶಾಖೆಗಳಲ್ಲೇ, ಸಾಲದ ಮೇಜಿನಲ್ಲಿ. ಆ ಹೊಸ ಬಣ್ಣದ ಅಡಿಯಲ್ಲಿ ಏನಿರಬಹುದು ಅಂತ ನನಗೆ ಅಂದಾಜಿದೆ. ‘ಇಂಥ ಬ್ಯಾಂಕಿಗೆ ಹೈಪಾಥಿಕೇಟ್ ಆಗಿದೆ’ ಅಂತ ನಾವೇ ಪೇಂಟರನ್ನು ಕರೆದುಕೊಂಡು ಹೋಗಿ ಬರೆಸುತ್ತಿದ್ದೆವು. ಸಾಲ ತೀರಿದ ಮೇಲೂ ಅದನ್ನು ಅಳಿಸಬಹುದು, ತೀರುವ ಮೊದಲೂ ಅಳಿಸಬಹುದು. ಬಣ್ಣ ನೋಡಿ ಏನೂ ಹೇಳಲಾಗದು.

ಬಂಗಾರ ಗಿರವಿ ಇಟ್ಟರೆ ಬಳೆ ಬ್ಯಾಂಕಿನ ಲಾಕರಿಗೆ ಹೋಗುತ್ತದೆ. ಅದನ್ನು ಇನ್ನೊಬ್ಬರಿಗೆ ಮಾರಲು ಕೈಯಲ್ಲೇ ಇರುವುದಿಲ್ಲ. ಹೈಪಾಥಿಕೇಶನ್ ಹಾಗಲ್ಲ. ಯಂತ್ರ ಕೊಟ್ಟಿಗೆಯಲ್ಲೇ ಓಡುತ್ತಿರುತ್ತದೆ, ಅದರ ಮೇಲಿನ ಹಕ್ಕು ಮಾತ್ರ ಬ್ಯಾಂಕಿನದು. ಓಡಿದರೆ ತಾನೇ ಸಾಲ ತೀರುವುದು? ಆದರೆ ಹೊರಗಿನಿಂದ ಬಂದವರಿಗೆ ಆ ಹಕ್ಕು ಕಾಣುವುದಿಲ್ಲ. ಅದಕ್ಕೇ ಕಾನೂನು ಯಾರು ಬೇಕಾದರೂ ನೋಡಬಹುದಾದ ದಾಖಲೆ ಇಟ್ಟಿರುವುದು.

ತೊಂಬತ್ತರ ದಶಕದಲ್ಲಿ ನಾನು ತೀರ್ಥಹಳ್ಳಿ ಕಡೆಯ ಒಂದು ಶಾಖೆಯಲ್ಲಿದ್ದೆ. ಒಂದು ಅಕ್ಕಿ ಗಿರಣಿಯ ಯಂತ್ರ ತಪಾಸಣೆಗೆ ಹೋದರೆ, ನೆಲದಲ್ಲಿ ನಾಲ್ಕು ಬೋಲ್ಟು ಮಾತ್ರ ಇದ್ದವು. ಯಂತ್ರ ಮಾರಿಯಾಗಿತ್ತು. ಕೊಂಡವರು ಪೂರ್ತಿ ದುಡ್ಡು ಕೊಟ್ಟ ಸಾಮಾನ್ಯ ಮನುಷ್ಯ, ಮಗಳ ಮದುವೆಗೆ ಇಟ್ಟಿದ್ದ ದುಡ್ಡು ಅದು. ಕೋರ್ಟಿಗೆ ಎಳೆಸಿಕೊಂಡು, ಕೊನೆಗೆ ರಾಜಿಯಲ್ಲಿ ಮತ್ತೆ ಒಂದಿಷ್ಟು ಹಣ ಕಟ್ಟಿದರು. ನಮ್ಮ ಶಾಖೆ ತಪಾಸಣೆಗೆ ಎರಡು ವರ್ಷ ಹೋಗಿರಲಿಲ್ಲ. ತಪ್ಪಿನಲ್ಲಿ ನಮ್ಮ ಪಾಲೂ ಇತ್ತು. ಆ ಮನುಷ್ಯ ಬ್ಯಾಂಕಿನ ಬೆಂಚಿನ ಮೇಲೆ ಕೊಡೆ ಹಿಡಿದುಕೊಂಡು ಕೂತಿದ್ದು ನನಗೆ ಇವತ್ತಿಗೂ ಮರೆಯುವುದಿಲ್ಲ. ಆಗ ಕಂಪನಿಗಳ ಸಾಲವಾದರೆ ಕಂಪನಿ ರಿಜಿಸ್ಟ್ರಾರ್ ಹತ್ತಿರ ದಾಖಲಾಗುತ್ತಿತ್ತು. ಬಿಡಿ ಜನರ ಯಂತ್ರಕ್ಕೆ ನೋಡಬಹುದಾದ ಪುಸ್ತಕವೇ ಇರಲಿಲ್ಲ.

ಈಗ ಇದೆ. ಸೆರ್ಸಾಯಿ (CERSAI) ಅಂತ, ಸಾಲಕ್ಕೆ ಆಧಾರವಾದ ಆಸ್ತಿಗಳ ಕೇಂದ್ರದ ನೋಂದಣಿ, 2011ರ ಮಾರ್ಚ್ 31ರಿಂದ ನಡೆಯುತ್ತಿದೆ. ಶುರುವಿನಲ್ಲಿ ಮನೆ, ಜಾಗದ ಸಾಲಗಳು. 2016ರಿಂದ ಯಂತ್ರ, ಸ್ಟಾಕು, ಬರಬೇಕಾದ ಬಾಕಿ ಹಣದ ಮೇಲಿನ ಹಕ್ಕುಗಳೂ ಸೇರಿದವು. ಆನ್‌ಲೈನಿನಲ್ಲಿ ಸಣ್ಣ ಶುಲ್ಕ ಕಟ್ಟಿ ಯಾರು ಬೇಕಾದರೂ ಹುಡುಕಬಹುದು. ಸಾಲಗಾರರ ವಿವರದಿಂದಲೂ ಆಗುತ್ತದೆ, ಆಸ್ತಿಯ ವಿವರದಿಂದಲೂ ಆಗುತ್ತದೆ. ಎರಡೂ ರೀತಿ ಹುಡುಕಿ. ಅವರು ಅಂಗಡಿ ಹೆಸರಿನಲ್ಲೋ ಪಾಲುದಾರಿಕೆಯಲ್ಲೋ ವ್ಯವಹಾರ ಮಾಡಿದ್ದರೆ ಆ ಹೆಸರಿನಲ್ಲೂ ನೋಡಿ. ಜನ ಎಡವುವುದು ಇಲ್ಲೇ.

ಈ ದಾಖಲೆಗೆ ಬಲ ಬಂದಿದ್ದು 2020ರ ಜನವರಿ 24ರಂದು, ಸರ್ಫೇಸಿ ಕಾಯ್ದೆಯ (ಆಧಾರ ಇಟ್ಟ ಸಾಲಗಳ ವಸೂಲಿಯ ಕಾನೂನು) ಹೊಸ ಕಲಮುಗಳು ಜಾರಿಯಾದಾಗ. ಅಲ್ಲಿಂದಾಚೆ ನೋಂದಣಿ ಅಂದರೆ ಊರಿಗೆಲ್ಲ ಡಂಗುರ ಸಾರಿದ ಹಾಗೆ. ‘ನನಗೆ ಗೊತ್ತಿರಲಿಲ್ಲ’ ಅನ್ನುವ ಮಾತು ನಡೆಯುವುದಿಲ್ಲ. ನೋಂದಣಿ ಆದ ಮೇಲೆ ವಸ್ತು ಮಾರಿದರೆ, ಬ್ಯಾಂಕಿನ ಹಕ್ಕು ವಸ್ತುವಿನ ಜೊತೆಗೇ ಕೊಂಡವರ ಮನೆಗೆ ಬರುತ್ತದೆ. ದಿನನಿತ್ಯದ ವ್ಯಾಪಾರಕ್ಕೆ ವಿನಾಯಿತಿ ಇದೆ. ಅವರ ಅಂಗಡಿಯಲ್ಲಿ ಒಂದು ಚೀಲ ಅಡಿಕೆ ಕೊಂಡರೆ ನಿಮಗೆ ತೊಂದರೆ ಇಲ್ಲ. ವ್ಯವಹಾರ ಮುಚ್ಚುವಾಗ ಯಂತ್ರ ಮಾರುವುದು ಆ ಲೆಕ್ಕಕ್ಕೆ ಬರುವುದಿಲ್ಲ.

ಸೆರ್ಸಾಯಿಯಲ್ಲಿ ಏನೂ ಸಿಗಲಿಲ್ಲ ಅಂದರೂ ನಿಲ್ಲಬೇಡಿ. ಕೈಸಾಲ, ಮಂಡಿ ಮುಂಗಡ ಇವೆಲ್ಲ ಅಲ್ಲಿ ಕಾಣುವುದಿಲ್ಲ. ಮಾರುವವರ ಜೊತೆಗೇ ಶಾಖೆಗೆ ಹೋಗಿ, ಅವರ ಎದುರೇ ಕೇಳಿ. ಬಾಕಿ ಇದ್ದರೆ ನಿಮ್ಮ ದುಡ್ಡು ಅವರ ಕೈಗೆ ಹೋಗದೆ ನೇರ ಸಾಲದ ಖಾತೆಗೆ ಹೋಗಲಿ. ಬ್ಯಾಂಕಿನ ಲೆಟರ್‌ಹೆಡ್ಡಿನಲ್ಲಿ, ಯಂತ್ರದ ಸೀರಿಯಲ್ ನಂಬರ್ ಹಾಕಿಸಿ, ‘ಹಕ್ಕು ಬಿಟ್ಟಿದ್ದೇವೆ’ ಅಂತ ಬರೆಸಿಕೊಳ್ಳಿ. ಬರೇ ‘ಸಾಲ ಮುಗಿದಿದೆ’ ಅನ್ನುವ ಚೀಟಿ ಸಾಲದು. ಒಂದೇ ಯಂತ್ರ ಎರಡು ಸಾಲಕ್ಕೆ ಆಧಾರವಾಗಿರುವುದು ಎಷ್ಟೋ ಸಲ ನೋಡಿದ್ದೇನೆ.

ಸಾಗರ_ಗಾಡಿ

ಯಂತ್ರದ ಬಗ್ಗೆ ಸರ್ ಹೇಳಿದ್ದಾರೆ, ನಾನು ಪಿಕಪ್ ಬಗ್ಗೆ ಹೇಳುತ್ತೇನೆ. ಆರ್‌ಸಿ ಕೈಯಲ್ಲಿ ಹಿಡಿದು ನೋಡಿ ಅಕ್ಕ. ಎಚ್‌ಪಿ (ಗಾಡಿ ಸಾಲಕ್ಕೆ ಆಧಾರವಾಗಿದೆ ಅನ್ನುವ ಗುರುತು) ಅಂತ ಇದ್ದರೆ ಸಾಲ ಕೊಟ್ಟವರ ಹೆಸರೂ ಇರುತ್ತದೆ. ಅವರ ಲಿಖಿತ ಒಪ್ಪಿಗೆ ಇಲ್ಲದೆ ಆರ್‌ಟಿಒದಲ್ಲಿ ಹೆಸರು ಬದಲಾಗುವುದಿಲ್ಲ, ಮೋಟಾರು ವಾಹನ ಕಾಯ್ದೆ 51ನೇ ಕಲಮು. ಎಚ್‌ಪಿ ತೆಗೆಸುವ ಫಾರಂ 35 ಎರಡು ಪ್ರತಿ, ಸಾಲ ಕೊಟ್ಟವರ ಸಹಿ ಮತ್ತು ಸೀಲು ಹಾಕಿಸಿ. ಆಮೇಲೆ ಹೆಸರು ಬದಲಾಯಿಸಲು ಫಾರಂ 29, 30.

ನನಗೆ ಆಗಿದ್ದು ಕೇಳಿ. ಕೊನೆ ಕಂತು ಕಟ್ಟಿ ಎನ್‌ಒಸಿ (ಸಾಲ ಕೊಟ್ಟವರ ನಿರಾಕ್ಷೇಪಣಾ ಪತ್ರ) ತಂದು ಬೀರುವಿನಲ್ಲಿಟ್ಟೆ. ಸಾಲ ಮುಗಿಯಿತಲ್ಲ ಅಂದುಕೊಂಡೆ. ಮೂರು ವರ್ಷದ ಮೇಲೆ ಗಾಡಿ ಮಾರಲು ಹೋದರೆ ಆರ್‌ಸಿಯಲ್ಲಿ ಎಚ್‌ಪಿ ಹಾಗೇ ಇದೆ. ಫೈನಾನ್ಸಿನವರು ಆ ಹೊತ್ತಿಗೆ ಊರಿನ ಆಫೀಸು ಮುಚ್ಚಿದ್ದರು. ಮಳೆಗಾಲದಲ್ಲಿ ಏಳು ಸಲ ಓಡಾಡಿದೆ. ಸಾಲ ತೀರಿಸುವುದು ಬೇರೆ, ದಾಖಲೆ ಅಳಿಸುವುದು ಬೇರೆ. ಇದನ್ನು ಯಾರೂ ನನಗೆ ಮೊದಲೇ ಹೇಳಿರಲಿಲ್ಲ.

ಈಗ ರಿಸರ್ವ್ ಬ್ಯಾಂಕ್ ನಿಯಮ ಇದೆಯಲ್ಲ, 30 ದಿನದಲ್ಲಿ ಪತ್ರ ವಾಪಸ್ ಕೊಡದಿದ್ದರೆ ದಿನಕ್ಕೆ 5,000 ಅಂತ?

ಬ್ಯಾಂಕಿನ_ಹಳಬ_ಶಿವಮೊಗ್ಗ

ಇದೆ ತಮ್ಮ, 2023ರ ಡಿಸೆಂಬರ್ 1ರಿಂದ. ಪತ್ರ ಕೊಡುವುದು ಮಾತ್ರ ಅಲ್ಲ, ನೋಂದಣಿಯಲ್ಲಿರುವ ಹಕ್ಕನ್ನು ತೆಗೆಸುವುದೂ 30 ದಿನದೊಳಗೆ ಆಗಬೇಕು. ಆದರೆ ಅದು ವ್ಯಕ್ತಿಗಳ ವೈಯಕ್ತಿಕ ಸಾಲಗಳಿಗೆ. ಮನೆ ಸಾಲ, ಸ್ವಂತ ಕಾರಿನ ಸಾಲ ಇಂಥವು. ವ್ಯಾಪಾರದ ಯಂತ್ರಕ್ಕೆ ಅದನ್ನು ನಂಬಿ ಕೂರಬೇಡಿ. ಅಲ್ಲಿ ಕೈಹಿಡಿಯುವುದು ಸರ್ಫೇಸಿಯ 25ನೇ ಕಲಮು, ಸಾಲ ಪೂರ್ತಿ ತೀರಿದ ಸಂಗತಿಯನ್ನು ಸೆರ್ಸಾಯಿಗೆ ತಿಳಿಸಬೇಕು ಅನ್ನುವುದು. ತಿಳಿಸಿದರೋ ಇಲ್ಲವೋ ಅಂತ ತಿಂಗಳ ಮೇಲೆ ನೀವೇ ಹುಡುಕಿ ನೋಡಿ.

ಕೊಪ್ಪದಿಂದ_ಓಹಾಯೋಗೆ

ಊರಿನ ವಿಷಯ ನೋಡಿ ಖುಷಿಯಾಯಿತು. ನಾನಿಲ್ಲಿ ಅಮೆರಿಕದ ಒಂದು ಸಣ್ಣ ಬ್ಯಾಂಕಿನಲ್ಲಿ ಇದೇ ಕೆಲಸ ಮಾಡುತ್ತೇನೆ. ಇಂಥ ಸಾಲಕ್ಕೆ ಇಲ್ಲಿರುವ ಕಾನೂನು ಯೂನಿಫಾರ್ಮ್ ಕಮರ್ಷಿಯಲ್ ಕೋಡ್ (ಯುಸಿಸಿ) 9ನೇ ಭಾಗ. ಸಾಲ ಕೊಟ್ಟವರು ಯುಸಿಸಿ-1 ಅನ್ನುವ ಫಾರಂ ಅನ್ನು ಸಾಮಾನ್ಯವಾಗಿ ರಾಜ್ಯದ ಕಾರ್ಯದರ್ಶಿ ಕಚೇರಿಯಲ್ಲಿ ಸಲ್ಲಿಸುತ್ತಾರೆ. ಸಾಲದ ಪತ್ರವನ್ನೇ ಕೊಡಬೇಕಾಗಿಲ್ಲ. ಸಾಲಗಾರನ ಹೆಸರು, ಕೊಟ್ಟವರ ಹೆಸರು, ಯಾವ ವಸ್ತು, ಇಷ್ಟು ಸಾಕು. ಇಬ್ಬರು ಸಾಲ ಕೊಟ್ಟಿದ್ದರೆ ಮಾಮೂಲಿಯಾಗಿ ಮೊದಲು ಸಲ್ಲಿಸಿದವರಿಗೆ ಮೊದಲ ಹಕ್ಕು. ಐದು ವರ್ಷಕ್ಕೆ ಅದರ ಆಯಸ್ಸು ಮುಗಿಯುತ್ತದೆ, ಮುಗಿಯುವ ಮೊದಲಿನ ಆರು ತಿಂಗಳೊಳಗೆ ಮುಂದುವರಿಸಬೇಕು.

ಹೆಸರಿನ ಬಗ್ಗೆ ಸರ್ ಹೇಳಿದ್ದು ನೂರಕ್ಕೆ ನೂರು ನಿಜ. ಇಲ್ಲಿ ಹೆಸರು ತಪ್ಪಾಗಿ, ಸರಿಯಾದ ಹೆಸರಲ್ಲಿ ಹುಡುಕಿದಾಗ ಫಾರಂ ಸಿಗದೇ ಹೋದರೆ, ಆ ಫಾರಮ್ಮಿಗೆ ಬೆಲೆಯೇ ಇಲ್ಲ. ನಮ್ಮ ಕಡೆ ಪಹಣಿಯಲ್ಲಿ ಒಂದು ಇನಿಶಿಯಲ್, ಆಧಾರ್‌ನಲ್ಲಿ ಇನ್ನೊಂದು ಇರುತ್ತದಲ್ಲ. ಇರುವ ಎಲ್ಲ ರೀತಿಯಲ್ಲೂ ಹುಡುಕಿ ಅಕ್ಕ.

ತೋಟದಮನೆ_ಹೊಸನಗರ

ಎಲ್ಲರಿಗೂ ತುಂಬಾ ಉಪಕಾರವಾಯಿತು. ಎರಡು ವಾರದ ಮೇಲೆ ಬರೆಯುತ್ತಿದ್ದೇನೆ.

ತಮ್ಮನನ್ನು ಕೂರಿಸಿಕೊಂಡು ಸೆರ್ಸಾಯಿಯಲ್ಲಿ ಹುಡುಕಿದೆವು. ಅವರ ಹೆಸರಿನಲ್ಲಿ ಏನೂ ಬರಲಿಲ್ಲ. ಆಮೇಲೆ ಅವರು, ಅವರ ಭಾವ ಸೇರಿ ನಡೆಸುತ್ತಿದ್ದ ಅಂಗಡಿ ಹೆಸರು ಹಾಕಿದೆವು. ಬಂತು. ಸಾಲ ಚಾಲ್ತಿಯಲ್ಲೇ ಇದೆ.

ಅವರ ಮನೆಗೇ ಹೋಗಿ, ಕಾಗದ ಮುಂದಿಟ್ಟು ಮೆತ್ತಗೆ ಕೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. ಕೊಳೆರೋಗದಲ್ಲಿ ಎರಡು ವರ್ಷ ಚೇಣಿ ಕೈ ಕಚ್ಚಿತಂತೆ. ನಿಮ್ಮ ಮುಂಗಡದಿಂದಲೇ ಬಾಕಿ ಕಟ್ಟಬೇಕು ಅಂತಿದ್ದೆ, ಹೇಳಲು ನಾಚಿಕೆಯಾಯಿತು ಅಂದರು. ಅವರ ಹೆಂಡತಿ ಒಳಗಿಂದ ಕಾಫಿ ತಂದಿಟ್ಟು ಅಲ್ಲೇ ನಿಂತರು. ನನಗೂ ಗಂಟಲು ಕಟ್ಟಿತು.

ಸೋಮವಾರ ಎಲ್ಲರೂ ಸೇರಿ ಶಾಖೆಗೆ ಹೋದೆವು. ಬಾಕಿ 1,12,000. ಅಷ್ಟನ್ನು ನಾನು ನೇರ ಖಾತೆಗೆ ಹಾಕಿದೆ, ಅದನ್ನು ಒಟ್ಟು ಬೆಲೆಯಲ್ಲಿ ಕಳೆದುಕೊಳ್ಳುತ್ತೇವೆ ಅಂತ ಛಾಪಾ ಕಾಗದದಲ್ಲಿ ಬರೆದುಕೊಂಡೆವು. ಪಿಕಪ್ ಸಾಲ ಮೊದಲೇ ತೀರಿತ್ತು, ಎಚ್‌ಪಿ ಮಾತ್ರ ತೆಗೆಸಿರಲಿಲ್ಲ. ಫಾರಂ 35 ಎರಡೂ ಪ್ರತಿ ಕೈಗೆ ಬಂದಿವೆ. ಯಂತ್ರದ ಪತ್ರ, ಸೀರಿಯಲ್ ನಂಬರ್ ಸಮೇತ, ಬರುವ ವಾರ ಕೊಡುತ್ತಾರಂತೆ. ಅಲ್ಲಿಯವರೆಗೆ ಯಂತ್ರ ಅವರ ಕೊಟ್ಟಿಗೆಯಲ್ಲೇ ಇರಲಿ ಅಂತ ಬಿಟ್ಟು ಬಂದಿದ್ದೇನೆ.