‘ಗೆಟ್ ಲಾಸ್ಟ್’ಗೆ ಫ್ರೆಂಚಿನಲ್ಲಿ ಎಂತ ಹಾಕುವುದು? ಸಬ್‌ಟೈಟಲ್‌ಗೆ ಸಹಾಯ ಬೇಕು

ಕುಡ್ಲ ಸಬ್‌ಟೈಟಲ್:
ನಮ್ಮ ಗೆಳೆಯರು ಮಲ್ಪೆ ಬಂದರಿನಲ್ಲಿ ಒಂದು ಕಿರುಚಿತ್ರ ಮಾಡಿದ್ದಾರೆ. ಮಾತು ಹೆಚ್ಚಾಗಿ ಇಂಗ್ಲಿಷಿನಲ್ಲೇ ಉಂಟು. ಫ್ರಾನ್ಸಿನಲ್ಲಿ ಒಂದು ಕಡೆ ತೋರಿಸಬೇಕಂತೆ, ಫ್ರೆಂಚ್ ಸಬ್‌ಟೈಟಲ್ ನನ್ನ ಪಾಲಿಗೆ ಬಂದಿದೆ. ನಾನು ಬಿ1 ತನಕ, ಅಂದರೆ ಮಧ್ಯಮ ಮಟ್ಟದ ತನಕ ಕಲಿತವನು. ಉಳಿದದ್ದೆಲ್ಲ ಮುಗಿದಿದೆ, ಬೈದು ಓಡಿಸುವ ಮೂರು ಮಾತು ಮಾತ್ರ ಕೂರುತ್ತಿಲ್ಲ. ಬೋಟಿನ ಮಾಲೀಕರು ಪ್ರಶ್ನೆ ಕೇಳಲು ಬಂದ ಪತ್ರಕರ್ತೆಗೆ ‘ಗೆಟ್ ಲಾಸ್ಟ್’ ಅನ್ನುತ್ತಾರೆ. ಅಕ್ಕ ತಮ್ಮನಿಗೆ ‘ಮೈಂಡ್ ಯುವರ್ ಓನ್ ಬಿಸಿನೆಸ್’ ಅನ್ನುತ್ತಾಳೆ. ತಮ್ಮ ‘ಯಾ, ವಾಟೆವರ್’ ಅಂತ ಎದ್ದು ಹೋಗುತ್ತಾನೆ. ನಿಘಂಟಿನಲ್ಲಿ ಒಂದೊಂದಕ್ಕೆ ಹತ್ತು ಹತ್ತು ಉಂಟು ಮಾರ್ರೆ, ಯಾವುದು ಎಷ್ಟು ಖಾರ ಅಂತ ಗೊತ್ತಾಗುವುದು ಹೇಗೆ?

ಮಣಿಪಾಲ ಫ್ರೆಂಚ್:
ಮೊದಲು ಮೂರೂ ಕಡೆ ‘ತು’ವೋ ‘ವು’ವೋ ಅಂತ ಗುರುತು ಹಾಕಿ. ನಮ್ಮ ನೀನು, ನೀವು ಇದ್ದ ಹಾಗೆಯೇ. ಇಂಗ್ಲಿಷಿನ ‘ಯು’ ಇದನ್ನು ಮುಚ್ಚಿಬಿಡುತ್ತದೆ, ಫ್ರೆಂಚಿನಲ್ಲಿ ಮುಚ್ಚಲು ಆಗುವುದಿಲ್ಲ.

ಅಕ್ಕ ತಮ್ಮನಿಗೆ ‘ಓಕ್ಯುಪ್-ತ್ವಾ ದ ತೆ ಜೊನ್ಯೋಂ’ ಹಾಕಿ. ನಿನ್ನ ಈರುಳ್ಳಿ ನೀನು ನೋಡಿಕೋ ಅಂತ ಅರ್ಥ. ಮನೆಯೊಳಗೆ ಸಲೀಸಾಗಿ ಬರುವ ಮಾತು, ಹೊಲಸಲ್ಲ. ಅದೇ ಮಾತು ಅಪರಿಚಿತರಿಗೆ ಬೇಕಾದರೆ ‘ಸಾ ನ ವು ರೆಗಾರ್ದ್ ಪಾ’, ಇದು ನಿಮಗೆ ಸಂಬಂಧಪಟ್ಟದ್ದಲ್ಲ ಅಂತ.

ಖಾರದ ಅಳತೆಗೆ ಒಂದು ಜೋಡಿ ನೆನಪಿಡಿ: ‘ಫಿಶೆ’ ಮತ್ತು ‘ಫೂತ್ರ್’. ಎರಡೂ ಒಂದೇ ಜಾಗದಲ್ಲಿ ಕೂರುತ್ತವೆ. ‘ಫಿಶ್-ಮ್ವಾ ಲಾ ಪೇ’ ಅಂದರೆ ನನ್ನ ಪಾಡಿಗೆ ನನ್ನನ್ನು ಬಿಡು ಅಂತ ಸಿಡುಕು. ‘ಫೂ-ಮ್ವಾ ಲಾ ಪೇ’ ಅದೇ ಮಾತು, ಆದರೆ ಒರಟು. ‘ಜ ಮಾಂ ಫಿಶ್’, ‘ಜ ಮಾಂ ಫೂ’ ಕೂಡ ಹಾಗೆಯೇ, ನನಗೇನಂತೆ ಅನ್ನುವುದಕ್ಕೆ. ಸಬ್‌ಟೈಟಲಿನಲ್ಲಿ ಬರೆದ ಬೈಗುಳ ಕೇಳಿದ ಬೈಗುಳಕ್ಕಿಂತ ಜಾಸ್ತಿ ಚುಚ್ಚುತ್ತದೆ, ಆದ್ದರಿಂದ ಅನುಮಾನ ಬಂದರೆ ಮೆದುವಾದದ್ದನ್ನೇ ಹಾಕಿ.

ಉಡುಪಿ ರಥಬೀದಿ:
‘ವಾಟೆವರ್’ಗೆ ‘ನ್ಯಾಂಪೋರ್ತ್ ಕ್ವಾ’ ಹಾಕಬೇಡಿ ದಯವಿಟ್ಟು! ತುಂಬಾ ಜನ ಹಾಕುತ್ತಾರೆ. ಅದನ್ನು ಹಾಗೆ ಒಂದೇ ಅಂದರೆ ‘ಎಂತ ಅಸಂಬದ್ಧ’ ಅಂತ ಆಗುತ್ತದೆ. ತಮ್ಮ ಅಲ್ಲಿ ವಾದ ಮಾಡುತ್ತಿಲ್ಲ, ಬೇಸತ್ತು ಹೋಗುತ್ತಿದ್ದಾನೆ, ಅಲ್ವಾ? ‘ಕೋಜ್ ತುಜೂರ್’ ಸರಿಯಾಗುತ್ತದೆ. ಹೇಳ್ತಾ ಇರು, ನಾನು ಕೇಳುವುದಿಲ್ಲ ಅಂತ ಭಾವ. ಚಿಕ್ಕದು, ತೆರೆಯ ಮೇಲೆ ಬೇಗ ಓದಿ ಮುಗಿಯುತ್ತದೆ.

ಮಾಲೀಕರಿಗೆ ‘ಕಾಸ್-ತ್ವಾ’ ಇಲ್ಲವೇ ‘ದೆಗಾಜ್’ ಹಾಕಿದರೆ ಹೇಗೆ? ಎರಡೂ ‘ತೊಲಗು’ ಅಂತಲೇ. 2011ರ ಜನವರಿಯಲ್ಲಿ ಟ್ಯುನೀಷಿಯಾದ ಜನ ಅಧ್ಯಕ್ಷ ಬೆನ್ ಅಲಿಗೆ ಕೂಗಿದ್ದು ‘ದೆಗಾಜ್’ ಅಂತಲೇ.

ಮಣಿಪಾಲ ಫ್ರೆಂಚ್:
‘ಕಾಸ್-ತ್ವಾ’ ಬಗ್ಗೆ ಹುಷಾರು. 2008ರ ಫೆಬ್ರವರಿಯಲ್ಲಿ ಪ್ಯಾರಿಸಿನ ಕೃಷಿ ಮೇಳದಲ್ಲಿ ಕೈಕುಲುಕಲು ಒಪ್ಪದ ಒಬ್ಬರಿಗೆ ಆಗಿನ ಫ್ರೆಂಚ್ ಅಧ್ಯಕ್ಷ ಸಾರ್ಕೋಜಿ ‘ಕಾಸ್-ತ್ವಾ, ಪೋವ್ ಕೋಂ’, ಅಂದರೆ ‘ತೊಲಗು, ಮುಠ್ಠಾಳ’ ಅಂದುಬಿಟ್ಟರು, ದೇಶವೆಲ್ಲ ಗುಲ್ಲಾಯಿತು. ಆಮೇಲೆ ಅದನ್ನೇ ಒಬ್ಬರು ಫಲಕದಲ್ಲಿ ಬರೆದು ಸಾರ್ಕೋಜಿಗೇ ತೋರಿಸಿದರು. ಫಲಕ ಹಿಡಿದವರಿಗೆ 30 ಯೂರೋ ದಂಡ ಬಿತ್ತು, ಆದರೆ ಅದನ್ನು ಅಮಾನತಿನಲ್ಲಿ ಇಟ್ಟಿದ್ದರು. 2013ರಲ್ಲಿ ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ ಆ ಶಿಕ್ಷೆ ತಪ್ಪು ಅಂದಿತು. ನಿಮ್ಮ ಚಿತ್ರದಲ್ಲಿ ಆ ಮಾತು ಬಂದರೆ ಪ್ರೇಕ್ಷಕರ ಮನಸ್ಸು ಆ ಕಡೆಗೆ ಹೋದೀತು.

ಮತ್ತೆ, ಮಾಲೀಕರು ಎಂಥವರು? ಕೂಗಾಡುವವರಾ, ತಣ್ಣಗೆ ಕತ್ತರಿಸುವವರಾ? ಎರಡನೆಯದಾದರೆ ನನ್ನ ಆಯ್ಕೆ ‘ಜ ನ ವು ರತ್ಯಾಂ ಪಾ’. ‘ನಿಮ್ಮನ್ನು ನಾನು ಹಿಡಿದಿಟ್ಟಿಲ್ಲ’ ಅಂತ. ಒಂದೂ ಕೆಟ್ಟ ಪದ ಇಲ್ಲ, ‘ವು’ ಕೂಡ ಉಳಿಯಿತು, ಆದರೂ ಎದುರಿನವರಿಗೆ ಬಾಗಿಲು ತೋರಿಸಿದ ಹಾಗೆ.

ಪಡುಬಿದ್ರಿ ಓದುಗ:
‘ವಾ ತ ಫೇರ್ ಕ್ಯುಯೀರ್ ಅನಫ್’ ಯಾರೂ ಹೇಳಲಿಲ್ಲವಲ್ಲ? ಹೋಗಿ ಮೊಟ್ಟೆ ಬೇಯಿಸಿಕೋ ಅಂತ! ನನಗೆ ಬಹಳ ಇಷ್ಟ.

ಉಡುಪಿ ರಥಬೀದಿ:
ಚೆಂದದ ಮಾತೇ. ಆದರೆ ಸ್ವಲ್ಪ ಹಳೆಯ ಕಾಲದ್ದು, ಕೇಳಿದವರಿಗೆ ನಗು ಬರುತ್ತದೆ. ಈ ದೃಶ್ಯದಲ್ಲಿ ನಗು ಬರಬಾರದು ಅಂತ ಕಾಣುತ್ತದೆ.

ಕುಡ್ಲ ಸಬ್‌ಟೈಟಲ್:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮಾಲೀಕರು ತಣ್ಣಗಿನವರೇ, ಆದರೆ ಪತ್ರಕರ್ತೆ ಹೋಗದೆ ಅಲ್ಲೇ ನಿಂತಾಗ ಇನ್ನೊಮ್ಮೆ ‘ಐ ಸೆಡ್ ಗೆಟ್ ಲಾಸ್ಟ್’ ಅನ್ನುತ್ತಾರೆ. ಅಲ್ಲಿ ‘ವು’ ಬಿಟ್ಟು ‘ತು’ಗೆ ಇಳಿಸಿದರೆ ಆಗುತ್ತದಾ?

ಮಣಿಪಾಲ ಫ್ರೆಂಚ್:
ಆಗುತ್ತದೆ, ಅದೇ ಸರಿ. ಗುರುತಿಲ್ಲದ ಹೆಂಗಸಿಗೆ ಏಕಾಏಕಿ ‘ತು’ ಅಂದರೆ ಅದೇ ಅವಮಾನ. ಮೊದಲ ಸಲ ‘ಜ ನ ವು ರತ್ಯಾಂ ಪಾ’, ಎರಡನೇ ಸಲ ಬರೀ ‘ದೆಗಾಜ್’. ಕೊನೆಗೆ ಫ್ರೆಂಚ್ ಮಾತೃಭಾಷೆಯವರೊಬ್ಬರಿಗೆ ಚಿತ್ರದ ಜೊತೆಗೇ ತೋರಿಸಿ, ಬರೀ ಸಾಲುಗಳನ್ನು ಕಳಿಸಬೇಡಿ.